ಮಲ್ಲು ವಿಮಾನದಲ್ಲಿ ಬಂದ ವರ್ಷ

ಮೊನ್ನೆ ಮಿರಜದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಾಗವಾಡ ದಾಟಿ ಸ್ವಲ್ಪ ಮುಂದೆ ಬಂದದ್ದೇ ತಡ, ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ಹಸಿ ದ್ರಾಕ್ಷಿಯ ಸಿಹಿ, ಅದನ್ನು ಅದ್ದಿ ತೆಗೆಯುವ ಎಣ್ಣೆನೀರಿನ ಜಿಡ್ಡು, ಗಂಧಕದ ಹೊಗೆಯ ಘಾಟು, ಮೂರೂ ಕೂಡಿದ ವಾಸನೆ. ಯಾರದೋ ಶೆಡ್ಡಿನಲ್ಲಿ ಒಣದ್ರಾಕ್ಷಿಯ, ನಮ್ಮ ಮಾತಿನಲ್ಲಿ ಬೇದಾಣಿಯ, ಹಂಗಾಮು ಜೋರಾಗಿ ನಡೆದಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ವೇಲನ್ನು ಮೂಗಿಗೆ ಹಿಡಿದಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಆಕೆ ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಈ ವಾಸನೆ ಬಂದರೆ ನನಗೆ ತಮ್ಮ ಮಲ್ಲು ಕಣ್ಣ ಮುಂದೆ ಬರುತ್ತಾನೆ, ಅವನ ಹಿಂದೆ ನಮ್ಮ ಆಯಿ ಬರುತ್ತಾಳೆ, ಇಬ್ಬರ ನಡುವೆ ಸೊಂಟಕ್ಕೆ ಸೆರಗು ಕಟ್ಟಿ ನಾನು ಓಡಾಡಿದ ಒಂದು ಬೇಸಿಗೆ ಬರುತ್ತದೆ.

ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಮಿರಜದ ಕಡೆಯ ಮರಾಠಿ ಮಂದಿಗೆ ಅದೇ ಮಾತು ತಾಯಿಗೆ. ನಮ್ಮ ಪಾಲಿಗೆ ಎರಡೂ ಸರಿಯೇ. ಅಪ್ಪ, ಅವ್ವ ಇಬ್ಬರೂ ಬೇಗ ಹೋದರು; ನನ್ನನ್ನೂ ಮಲ್ಲೂನನ್ನೂ ಬೆಳೆಸಿದವಳು ಅಪ್ಪನ ತಾಯಿಯಾದ ಅವಳೇ. ನನ್ನನ್ನು ಕೊಟ್ಟದ್ದು ಉಗಾರ ಬುದ್ರುಕಕ್ಕೆ, ಕಬ್ಬಿನ ಮನೆಗೆ. ಆದರೆ ತವರಿನ ದ್ರಾಕ್ಷಿ ಹಂಗಾಮು ಬಂತೆಂದರೆ ನಾನು ಗಂಟು ಕಟ್ಟಿಕೊಂಡು ಕಾಗವಾಡದ ಈಚೆಯ ನಮ್ಮ ಹಳ್ಳಿಗೆ ಬಂದುಬಿಡುತ್ತಿದ್ದೆ. ಗಂಡ ತಡೆಯುತ್ತಿರಲಿಲ್ಲ. ನಾನಿಲ್ಲದಾಗ ಮನೆ ತಣ್ಣಗಿರುತ್ತದೆ ಅಂತ ಅವರು ಊರ ಮುಂದೆಯೇ ಹೇಳುತ್ತಿದ್ದರು. ನನ್ನ ಬಾಯಿ ಜೋರು, ಅದನ್ನು ಎರಡೂ ಊರು ಒಪ್ಪುತ್ತವೆ.

ನಮ್ಮದು ಸಣ್ಣ ತೋಟ, ಆದರೆ ಸ್ವಂತ ಶೆಡ್ಡು. ಶೆಡ್ಡು ಅಂದರೆ ಗೋಡೆಯಿಲ್ಲದ ಉದ್ದನೆಯ ಚಪ್ಪರ. ಕೆಳಗಿನಿಂದ ಮೇಲಿನವರೆಗೆ ಅಟ್ಟದ ಮೇಲೆ ಅಟ್ಟದಂತೆ ಬಲೆ ಬಿಗಿದಿರುತ್ತೇವೆ. ಕೊಯ್ದ ಗೊಂಚಲುಗಳನ್ನು ಎಣ್ಣೆನೀರಿನ ಟಾಕಿಯಲ್ಲಿ ಅದ್ದಿ ಆ ಬಲೆಗಳ ಮೇಲೆ ಹರವಬೇಕು. ಅಲ್ಲಿಂದ ಮುಂದೆ ಒಣಗಾಳಿಯ ಕೆಲಸ. ನಡುವೆ ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗಿ ಹೋಗುತ್ತದೆ. ಸಣ್ಣವನಿದ್ದಾಗ ಮಲ್ಲು ಮಧ್ಯಾಹ್ನ ಉಂಡು ಶೆಡ್ಡಿನ ನೆರಳಲ್ಲಿ ಗೋಣಿಚೀಲದ ಮೇಲೆ ಬೀಳುತ್ತಿದ್ದ. ಬಿದ್ದರೆ ಮುಗಿಯಿತು, ಹಲಗೆ ಬಾರಿಸಿದರೂ ಏಳುವ ಆಸಾಮಿಯಲ್ಲ. ಆಯಿ ಅವನ ತಲೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು, ಒಣದ್ರಾಕ್ಷಿಯ ಕಡ್ಡಿ ಮುರಿಯುತ್ತ, ನಡುನಡುವೆ ಸೆರಗಿನಿಂದ ಅವನ ಮುಖದ ನೊಣ ಓಡಿಸುತ್ತಿದ್ದಳು. ನನ್ನ ಮುಖದ ನೊಣವನ್ನು ಯಾರೂ ಓಡಿಸಲಿಲ್ಲ. ಹೆಣ್ಣುಮಕ್ಕಳು ತಮ್ಮ ನೊಣ ತಾವೇ ಓಡಿಸಿಕೊಳ್ಳಬೇಕು ಅನ್ನುವುದು ನಮ್ಮ ಮನೆಯ ಕಾನೂನು.

ಮಲ್ಲು ಮಿಲ್ಟ್ರಿಗೆ ಹೋದ. ಪೂರ್ತಿ ಹೆಸರು ಮಲ್ಲಿಕಾರ್ಜುನ. ಅಲ್ಲಿಯ ಹಿಂದಿ ಹುಡುಗರು ಅದನ್ನು ನಡುವೆ ಮುರಿದು ಅರ್ಜುನ್ ಅಂತ ಮಾಡಿಕೊಂಡರು. ರಜೆಗೆ ಬಂದರೆ ರೈಲಿನಲ್ಲಿ ಮಿರಜಕ್ಕೆ ಬಂದು ಇಳಿಯುವನು, ಟ್ರಂಕು ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತುವನು. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಿದ್ದ ಕಾಲ ಅದು. ಆಗ ಕಾಗವಾಡ ಇನ್ನೂ ತಾಲೂಕು ಆಗಿರಲಿಲ್ಲ, ಏನೇ ಕೆಲಸವಿದ್ದರೂ ಅಥಣಿಗೆ ಓಡಬೇಕಿತ್ತು. ಆ ವರ್ಷ ದ್ರಾಕ್ಷಿ ಬಳ್ಳಿ ಕತ್ತರಿಸುವ ಹೊತ್ತಿಗೆ ರಜೆಗೆ ಬಂದವನು, ತಾನಿನ್ನು ಆಫ್ರಿಕಾದ ಕಾಂಗೋಕ್ಕೆ ಹೋಗುವವನು ಅಂದ. ಅಲ್ಲಿ ಮಂದಿ ತಮ್ಮತಮ್ಮಲ್ಲೇ ಯುದ್ಧ ಹಚ್ಚಿಕೊಂಡಿದ್ದಾರಂತೆ, ಬೇರೆ ಬೇರೆ ದೇಶದ ಸಿಪಾಯಿಗಳು ನೀಲಿ ಟೊಪ್ಪಿಗೆ ಹಾಕಿಕೊಂಡು ನಡುವೆ ಕಾವಲಿರುತ್ತಾರಂತೆ. ಆಯಿ ಬಳ್ಳಿಯ ತುಂಡುಗಳನ್ನು ಆರಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು.

"ಜಗಳ ಅವರವರದು. ನಡುವ ನಿಂದೇನ ಕೆಲಸೋ?"

"ನಿಂದ್ರೂದು, ಆಯಿ."

"ಬರೇ ನಿಂದ್ರೂದು?"

"ಹೂಂ. ನಾವು ನಿಂತ್ರ ಅವರು ಬಡದಾಡಂಗಿಲ್ಲ."

ನಿಲ್ಲುವುದಕ್ಕೂ ಪಗಾರ ಕೊಡುವ ಸರಕಾರ ಇದೆಯೇ ಅಂತ ಆಯಿ ಬಿದ್ದು ಬಿದ್ದು ನಕ್ಕಳು. ಹಾಗಾದರೆ ನಮ್ಮ ಬೆದರುಗೊಂಬೆಗೂ ಒಂದು ನೌಕರಿ ನೋಡು ಅಂದಳು. ಅವನೂ ನಕ್ಕ. ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಾಲು ಮುಟ್ಟಿ, ಈ ಸಲ ಬಲೆ ಹಳೆಯದಾಗಿದೆ ಅಕ್ಕಾ, ಬದಲಿಸು ಅಂತ ಹೇಳಿದ. ಇಂಥ ಹೊತ್ತಿನಲ್ಲಿ ಬಲೆಯ ಮಾತಾಡುತ್ತಾನಲ್ಲ ಅಂತ ನನಗೆ ಸಿಟ್ಟು ಬಂದಿತ್ತು.

ಕಾಂಗೋದಿಂದ ರವಿವಾರ ಫೋನು ಬರುತ್ತಿತ್ತು. ನಾವು ಆಡಿದ ಮಾತು ಅವನಿಗೆ ತಡವಾಗಿ ಮುಟ್ಟುತ್ತಿತ್ತು, ಹೀಗಾಗಿ ಇಬ್ಬರೂ ಒಮ್ಮೆಲೇ ಮಾತಾಡಿ ಒಮ್ಮೆಲೇ ಸುಮ್ಮನಾಗುತ್ತಿದ್ದೆವು. ಅಲ್ಲಿ ಮಣ್ಣು ಕೆಂಪು, ಬಾಳೆ ಬಹಳ, ಮಳೆ ಹೇಳದೆ ಕೇಳದೆ ಬರುತ್ತದೆ, ಅಲ್ಲಿ ಶೆಡ್ಡು ಹಾಕಿದರೆ ನಾವು ಹಾಳಾಗಿ ಹೋಗುತ್ತೇವೆ ಅಂತ ಹೇಳುತ್ತಿದ್ದ. ಊರು ಬಿಟ್ಟು ಓಡಿಬಂದ ಸಾವಿರಾರು ಮಂದಿ ಒಂದು ಬಯಲಿನಲ್ಲಿ ಜೋಪಡಿ ಹಾಕಿಕೊಂಡಿದ್ದರು. ಅವರ ಹೆಂಗಸರು ನೀರಿಗೆ, ಸಂತೆಗೆ ಹೋಗುವ ದಾರಿಯಲ್ಲಿ ಒಂದು ಮರದ ಸೇತುವೆ ಇತ್ತು. ಮಲ್ಲು ಮತ್ತು ಅವನ ಜೊತೆಯವರ ಕಾವಲಿನ ಪಾಳಿ ಅಲ್ಲಿ. ಆಯಿ ಫೋನು ಕಸಿದುಕೊಂಡು ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಇವತ್ತೂ ನಿಂತೆಯಾ ಅಂತ. ನಿಂತೆ ಅನ್ನುತ್ತಿದ್ದ.

ಹಂಗಾಮು ಶುರುವಾಗಿ, ಮೊದಲ ಕೊಯ್ಲು ಬಲೆಯ ಮೇಲೆ ಏರಿತ್ತು. ಮಧ್ಯಾಹ್ನ ಟಾಕಿಯ ಹತ್ತಿರ ನಿಂತಿದ್ದೆ, ಕೈ ಮೊಣಕೈವರೆಗೆ ಜಿಡ್ಡು. ಫೋನು ಬಂತು. ಹಿಂದಿಯಲ್ಲಿ ಒಬ್ಬರು ಬಹಳ ಮೆತ್ತಗೆ ಮಾತಾಡಿ, ನಾನು ಮಲ್ಲಿಕಾರ್ಜುನನ ಅಕ್ಕ ಹೌದೋ ಅಲ್ಲವೋ ಅಂತ ಎರಡು ಸಲ ಕೇಳಿದರು. ಆ ಎರಡನೇ ಸಲಕ್ಕೇ ನನಗೆ ತಿಳಿಯಿತು. ಸೇತುವೆಯ ಹತ್ತಿರ ಗುಂಡಿನ ದಾಳಿಯಾಗಿದೆ, ಅವನು ಹೋದ, ದೇಹವನ್ನು ಊರಿಗೆ ತಲುಪಿಸುತ್ತೇವೆ, ಆದರೆ ದಿನ ಹಿಡಿಯುತ್ತದೆ ಅಂದರು. ನಾನು ಟಾಕಿಯ ಹಿಂದೆ ಹೋಗಿ ಕೂತು, ಬಾಯಲ್ಲಿ ಸೆರಗು ತುರುಕಿಕೊಂಡು ಅತ್ತೆ. ಆ ಎಣ್ಣೆಯ ವಾಸನೆ ಅವತ್ತು ನನ್ನ ಮೂಗಿನಲ್ಲಿ ಕೂತದ್ದು ಇವತ್ತಿಗೂ ಹೋಗಿಲ್ಲ.

ನನ್ನನ್ನು ಬಿಟ್ಟರೆ ಮೊದಲು ಗೊತ್ತಾದದ್ದು ಹಸನ ಕಾಕಾಗೆ. ನಮ್ಮ ಶೆಡ್ಡಿನ ಕೆಲಸವನ್ನು ಅಪ್ಪನ ಕಾಲದಿಂದ ನಡೆಸಿಕೊಂಡು ಬಂದವರು, ಮಲ್ಲೂನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಅಷ್ಟರಲ್ಲಿ ಓಣಿಯ ನಾಲ್ಕು ಮಂದಿ ಸೇರಿ, ಮುದುಕಿ ಎದೆಯೊಡೆದುಕೊಳ್ಳುತ್ತಾಳೆ, ದೇಹ ಬರುವವರೆಗೂ ಹೇಳುವುದು ಬೇಡ ಅಂತ ತೀರ್ಮಾನ ಮಾಡಿದರು. ಗಾಯ ಆಗಿದೆ, ಊರಿಗೆ ಕರೆತರುತ್ತಿದ್ದಾರೆ ಅಂತ ಹೇಳಿದರಾಯಿತು ಅಂದರು. ನನ್ನ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಹೀಗಾಗಿ ಆ ಕೆಲಸ ಹಸನ ಕಾಕಾನ ತಲೆಗೆ ಬಂತು. ಆಯಿ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ಕಾಕಾ ಹೋಗಿ ಎದುರಿಗೆ ಕೂತರು, ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಮಲ್ಲೂಗ ಸ್ವಲ್ಪ ಪೆಟ್ಟಾಗೈತಂತ ಆಯಿ. ಚಿಂತಿ ಮಾಡಬ್ಯಾಡ. ವಿಮಾನದಾಗ ಬರಾಕತ್ತಾನ."

ಮೊರ ನಿಂತಿತು. ಅದರಲ್ಲಿದ್ದ ಒಣದ್ರಾಕ್ಷಿಯನ್ನು ಆಯಿ ನಿಧಾನಕ್ಕೆ ಚೀಲಕ್ಕೆ ಸುರಿದಳು, ಒಂದು ಕಾಳೂ ಚೆಲ್ಲಲಿಲ್ಲ.

"ಸುಳ್ಳ ಹೇಳಬ್ಯಾಡ ಹಸನಾ. ನನ್ನ ಮೊಮ್ಮಗ ರೈಲಿನ್ಯಾಗ ಬರತಾನ. ವಿಮಾನದಾಗ ಬರೂದು ಯಾವಾಗಂತ ನನಗ ಗೊತ್ತೈತಿ."

ನಮ್ಮದು ಲಿಂಗವಂತರ ಮನೆ. ನಾವು ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ತೊಳೆದು, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವರ ಲಿಂಗ ಹಿಡಿಸಿ, ಪೂಜೆಗೆ ಕೂತ ಹಾಗೆ ಕೂಡಿಸುತ್ತೇವೆ. ಕೂಡಿಸಿದವರನ್ನು ಹೊರಲು ಬಾಳೆಕಂಬ, ಕಬ್ಬು, ಹೂವು ಕಟ್ಟಿ ಗೋಪುರದಂಥ ಒಂದು ಮಂಟಪ ಮಾಡುತ್ತೇವೆ. ಅದಕ್ಕೆ ನಾವು ಅನ್ನುವುದು ವಿಮಾನ. ಆಯಿ ತನ್ನ ಜನ್ಮದಲ್ಲಿ ಎಷ್ಟೋ ವಿಮಾನಗಳ ಹಿಂದೆ ನಡೆದವಳು, ಆಕಾಶದಲ್ಲಿ ಹೋಗುವ ವಿಮಾನ ಅವಳ ಲೆಕ್ಕಕ್ಕೇ ಇರಲಿಲ್ಲ. ಪಾಪ, ಕಾಕಾ ಆಡಿಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಅಲ್ಲೇ ಆಯಿಯ ಪಾದದ ಮೇಲೆ ತಲೆಯಿಟ್ಟು ಗೋಳೋ ಅಂತ ಅತ್ತರು, ಆಯಿಯೇ ಅವರ ಬೆನ್ನು ಸವರಿದಳು.

ಆಮೇಲೆ ಅವಳು ನನ್ನನ್ನು ಹತ್ತಿರ ಕರೆದಳು. ಎಲ್ಲಿ, ಹೇಗೆ ಅಂತ ಕೇಳಲಿಲ್ಲ.

"ಅವನ್ನ ಚಲೋತ್ನ್ಯಾಗ ಕುಂದ್ರಸ ಶೋಭಾ. ನಿಮ್ಮಪ್ಪನ ಬಾಜೂಕ."

"ಕುಂದ್ರಸತೇನಿ, ಆಯಿ," ಅಂದೆ.

ನಾನು ಒಂದು ಮಾತು ಕೊಟ್ಟರೆ ಕೊಟ್ಟ ಹಾಗೆ. ಆ ಹೊತ್ತಿನಿಂದ ನನಗಿದ್ದದ್ದು ಅದೊಂದೇ ಕೆಲಸ.

ಅವನು ಬರುವುದಕ್ಕೆ ಬಹಳ ದಿನ ಹಿಡಿಯಿತು. ಇವತ್ತು ಅಲ್ಲಿಂದ ಹೊರಟ, ಇವತ್ತು ದಿಲ್ಲಿ ಮುಟ್ಟಿದ ಅಂತ ಫೋನು ಬರುತ್ತಿತ್ತು. ಇತ್ತ ತೋಟದಲ್ಲಿ ದ್ರಾಕ್ಷಿ ಹಣ್ಣಾಗಿ ಬಳ್ಳಿ ಜಗ್ಗುತ್ತಿದ್ದವು, ಪಡುವಣದಲ್ಲಿ ಮೋಡ ಮುಖ ತೋರಿಸುತ್ತಿತ್ತು. ಮನೆ ತುಂಬ ಮಾತಾಡಿಸಲು ಬಂದ ಮಂದಿ. ಎರಡನೇ ದಿನ ಆಯಿ ನನ್ನನ್ನು ಮೂಲೆಗೆ ಕರೆದು, ಸತ್ತವನು ಕಾಯುತ್ತಾನೆ, ದ್ರಾಕ್ಷಿ ಕಾಯುವುದಿಲ್ಲ, ಹೋಗು ಅಂದಳು. ನಾನು ಹೋದೆ. ಬೆನ್ನ ಹಿಂದೆ ಮಾತಾಡಿದವರಿದ್ದರು, ತಮ್ಮ ಸತ್ತರೂ ಇವಳಿಗೆ ಬೇದಾಣಿಯ ಚಿಂತೆ ಅಂತ. ನಮ್ಮಲ್ಲಿ ಸಾವಿನ ಸೂತಕವೇ ಇಲ್ಲ, ಇವರು ಯಾವ ಊರಿಂದ ತಂದರೋ ಅದನ್ನು. ಅಟ್ಟಕ್ಕೆ ಗೊಂಚಲು ಹರವುವಾಗ ಹೊಸ ಬಲೆ ಕೈಗೆ ಬಿಗಿಯಾಗಿ ಸಿಗುತ್ತಿತ್ತು. ಅವನು ಹೇಳಿದ್ದಕ್ಕೇ ಬದಲಿಸಿದ್ದೆ. ನಾನು ಅಳುತ್ತಲೇ ಹರವಿದೆ.

ತೋಟದ ಬದುವಿನಲ್ಲಿ, ಬೇವಿನ ಮರದ ಕೆಳಗೆ, ಅಪ್ಪನನ್ನು ಕೂಡಿಸಿದ ಗದ್ದಿಗೆಯ ಬಾಜೂಕೇ ಕುಣಿ ತೋಡಿಸಿದೆ. ಪದ್ಧತಿಯಂತೆ ಆಳವಾದ ಕುಣಿ, ಅದರ ಒಂದು ಗೋಡೆಯಲ್ಲಿ ಒಬ್ಬರು ಕೂತರೆ ತಲೆ ತಾಗದಷ್ಟು ಗೂಡು. ಆ ಗೂಡಿನಲ್ಲೇ ಕೂಡಿಸಿ, ವಿಭೂತಿ, ಬಿಲ್ವಪತ್ರೆ ತುಂಬುವುದು. ಕುಣಿ ನೋಡಿಕೊಂಡು ಬರುತ್ತಿದ್ದಾಗ ಯಾರೋ ಬಂದು ಶಾಲೆಯ ಮೈದಾನದಲ್ಲಿ ಕಟ್ಟಿಗೆ ಒಟ್ಟುತ್ತಿದ್ದಾರೆ ಅಂದರು. ಹೋಗಿ ನೋಡುತ್ತೇನೆ, ಊರಿನ ತರುಣ ಸಂಘದ ಹುಡುಗರೆಲ್ಲ ಬೆವರು ಸುರಿಸಿ, ಮನೆಮನೆಯಿಂದ ಜಾಲಿ ಕಟ್ಟಿಗೆ ತಂದು, ಆಳೆತ್ತರ ಚಿತೆ ಕಟ್ಟಿ ನಿಲ್ಲಿಸಿದ್ದಾರೆ. ನಾಲ್ಕೂ ಮೂಲೆಗೆ ಬಾವುಟ ಬೇರೆ.

"ಯಾರನ್ನ ಸುಡತೀರಪಾ?" ಅಂದೆ.

ಮುಂದಾಳು ಪರಪ್ಪ ಕೊಡಲಿ ಕೆಳಗಿಟ್ಟ. "ಟೀವ್ಯಾಗ ಹಿಂಗ ತೋರಸ್ತಾರಲ್ಲಾ ಅಕ್ಕಾ. ಮಿಲ್ಟ್ರಿ ಮಂದೀನ ಸುಡಬೇಕಂತ ರೂಲ್ ಇರಬೇಕಂತ ಮಾಡಿದ್ವಿ."

ಅಲ್ಲಿದ್ದ ಯಾವ ಹುಡುಗನ ಮನೆಯಲ್ಲೂ ಏಳು ತಲೆಮಾರಿನಿಂದ ಯಾರನ್ನೂ ಸುಟ್ಟಿರಲಿಲ್ಲ. ಅವನವನ ಅಜ್ಜಂದಿರು ಸುತ್ತಲಿನ ಹೊಲಗಳಲ್ಲಿ ಕೂತೇ ಇದ್ದಾರೆ! ಬೈಯಬೇಕು ಅಂತ ಹೋದವಳಿಗೆ ಆ ದಿನಗಳಲ್ಲಿ ಮೊದಲ ಸಲ ನಗು ಬಂತು. ನಕ್ಕು, ಕಣ್ಣೊರೆಸಿಕೊಂಡು, ಅಷ್ಟೂ ಕಟ್ಟಿಗೆಯನ್ನು ನಮ್ಮ ಹಿತ್ತಲಿಗೆ ಹಾಕಿಸಿದೆ. ಅವನ ಮಣ್ಣಿಗೆ ಬಂದವರಿಗೆ ಅಡುಗೆ ಮಾಡಲು ಬೇಕಾಗುತ್ತದೆ ಅಂದೆ. ಹುಡುಗರು ತಲೆ ತಗ್ಗಿಸಿ ಹೊತ್ತರು, ಮತ್ತೆ ಅವರೇ ಬಾಳೆಕಂಬ ಕಡಿದು ತಂದು ವಿಮಾನ ಕಟ್ಟಲು ಕೂತರು.

ಮಲ್ಲು ಬರುವ ಹಿಂದಿನ ದಿನ ಮಧ್ಯಾಹ್ನ ಜೀಪಿನಲ್ಲಿ ಒಬ್ಬ ಸುಭೇದಾರರು ಬಂದರು. ಕೊಲ್ಲಾಪುರದ ಕಡೆಯವರು, ಮಲ್ಲೂನ ಜೊತೆ ಕಾಂಗೋದಲ್ಲೇ ಇದ್ದವರು, ಅಲ್ಲಿಂದ ಪೆಟ್ಟಿಗೆಯ ಜೊತೆಗೇ ಬೆಳಗಾವಿಯವರೆಗೆ ಬಂದು, ವ್ಯವಸ್ಥೆ ನೋಡಲು ಮುಂದಾಗಿ ಬಂದಿದ್ದರು. ನನ್ನನ್ನು ತಾಈ ಅಂತ ಕರೆದರು. ಮರಾಠಿಯಲ್ಲಿ ಅದು ಅಕ್ಕ. ನಮ್ಮ ಕಿವಿಗೆ ತಾಯಿ ಅಂದ ಹಾಗೆ ಕೇಳುತ್ತದೆ. ಅಂಗಳದಲ್ಲಿ ಕಟ್ಟುತ್ತಿದ್ದ ವಿಮಾನ ನೋಡಿ ಇದೇನು ಅಂದರು. ತೋಟಕ್ಕೆ ಕರೆದೊಯ್ದು ಕುಣಿ ತೋರಿಸಿದೆ, ಗೂಡು ತೋರಿಸಿದೆ. ಅವರು ಕುಣಿಯ ಅಂಚಿನಲ್ಲಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

ಕೂಡಿಸಲು ಆಗುವುದಿಲ್ಲ ತಾಈ, ಅಂದರು. ಪೆಟ್ಟಿಗೆಗೆ ಬೆಸುಗೆ ಹಾಕಿದ್ದಾರೆ, ಮುಖದ ಮೇಲಷ್ಟೇ ಗಾಜಿದೆ, ಬಿಚ್ಚುವ ಹಾಗಿಲ್ಲ. ಹಟ ಮಾಡಿ ಬಿಚ್ಚಿದರೂ ಇಷ್ಟು ದಿನ ಔಷಧದಲ್ಲಿದ್ದ ದೇಹ ಬಾಗುವುದಿಲ್ಲ. ನಾನು ವಾದ ಮಾಡಿದೆ, ನನಗೆ ಗೊತ್ತಿದ್ದ ಮೂರೂ ಭಾಷೆಯಲ್ಲಿ ಮಾಡಿದೆ. ಅವರು ಒಂದಕ್ಕೂ ಸಿಟ್ಟಾಗಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು. ಎಂದೋ ಪಾಳಿಯಲ್ಲಿದ್ದಾಗ ಮಲ್ಲು ಕೊರಳಲ್ಲಿದ್ದ ಲಿಂಗ ತೋರಿಸಿ, ನನಗೇನಾದರೂ ಆದರೆ ಇದನ್ನು ಎಡಗೈಯಲ್ಲಿ ಹಿಡಿಸಿ ಅಂದಿದ್ದನಂತೆ. ಅದು ಏನು, ಯಾಕೆ ಅಂತ ಇವರಿಗೆ ಗೊತ್ತಿರಲಿಲ್ಲ. ಆದರೂ ಅಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ತಾವೇ ಎಡಗೈಯ ಬೆರಳು ಮಡಿಚಿ ಹಿಡಿಸಿದ್ದರು. ನಾನು ಅವರ ಆ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ಕ್ರಿಯೆ ನಡೆಸುವ ಅಯ್ಯನವರನ್ನು ಕೇಳಿದೆ. ಲಿಂಗ ಕೈಯಲ್ಲಿದ್ದರೆ ಕೂತರೂ ಶಿವನಿಗೆ ಮುಟ್ಟುತ್ತಾನೆ, ಮಲಗಿದರೂ ಮುಟ್ಟುತ್ತಾನೆ, ಶಾಸ್ತ್ರ ತನಗಿರಲಿ ಅಂದರು. ಆದರೆ ನಿಮ್ಮ ಆಯಿಗೆ ಹೇಳುವ ಧೈರ್ಯ ಮಾತ್ರ ತನಗಿಲ್ಲ ಅಂತ ಕೈ ಮುಗಿದುಬಿಟ್ಟರು. ಸರಿ, ನಾನೇ ಹೇಳಿದೆ. ಸುತ್ತು ಬಳಸಲಿಲ್ಲ, ಎದುರಿಗೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಯಿಯ ಮುಖ ಕಲ್ಲಾಯಿತು.

"ಅಡ್ಡ ಹಾಕಿ ಹುಗಿಯೂದು ದನಾನ," ಅಂದಳು. "ನೀ ಮಾತ ಕೊಟ್ಟೀದಿ."

ಅಷ್ಟೇ ಅಂದು ಗೋಡೆಗೆ ಮುಖ ಮಾಡಿದಳು. ಓಣಿಯ ಹಿರಿಯರು ಇಬ್ಬರು ಅದೇ ರಾಗ ತೆಗೆದರು, ಪೆಟ್ಟಿಗೆ ಒಡೆಯೋಣ, ನಮ್ಮ ಹುಡುಗ ನಮ್ಮ ಹಕ್ಕು ಅಂತ. ಆಗ ನಾನು ನಿರ್ಧಾರ ಮಾಡಿದೆ. ಅವನನ್ನು ಯಾರೂ ಮುರಿಯುವ ಹಾಗಿಲ್ಲ, ಪೆಟ್ಟಿಗೆಗೆ ಕೈ ಹಚ್ಚಿದರೆ ನಾನು ಅಡ್ಡ ಮಲಗುತ್ತೇನೆ ಅಂದೆ. ಆಯಿ ಶಾಪ ಹಾಕಿದರೆ ತಿನ್ನುತ್ತೇನೆ, ಶಾಪಕ್ಕೆ ಹೊಟ್ಟೆಯಲ್ಲಿ ಜಾಗ ಇದೆ. ಕುಣಿ ತೋಡುವವರನ್ನು ಕರೆದು, ಹೊತ್ತು ಮುಳುಗುವುದರೊಳಗೆ ಕುಣಿಯನ್ನು ಗೂಡಿನ ಎದುರು ದಿಕ್ಕಿಗೆ ಪೆಟ್ಟಿಗೆಯ ಉದ್ದಕ್ಕೆ ಹಿಗ್ಗಿಸಿದೆ. ಗೂಡು ಏನು ಮಾಡೋಣ ಅಂದರು. ಕೂಡಿಸಲೆಂದು ತೋಡಿಸಿದ್ದನ್ನು ಮಣ್ಣು ಮೆತ್ತಿ ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಹಾಗೇ ಇರಲಿ ಅಂದೆ.

ಮರುದಿನ ಅವನು ಬಂದ. ಬೆಳಗಾವಿಯಿಂದ ಮಿಲ್ಟ್ರಿ ಟ್ರಕ್ಕಿನಲ್ಲಿ, ಚಿಕ್ಕೋಡಿಯ ಮೇಲೆ ಹಾಯ್ದು. ಚಿಕ್ಕೋಡಿಯಲ್ಲಿ ಅಂಗಡಿಕಾರರು ಬಾಗಿಲು ಹಾಕಿ ರಸ್ತೆಗಿಳಿದಿದ್ದರಂತೆ, ಶಿರಗುಪ್ಪಿಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ಬದಿಗೆ ನಿಂತಿದ್ದವಂತೆ. ನಮ್ಮೂರಿಗೆ ಬಂದಾಗ ಸಾಹೇಬರು, ಪುಢಾರಿಗಳು, ಶಾಲೆಯ ಮಕ್ಕಳು, ಕಾಲಿಡಲು ಜಾಗವಿಲ್ಲ. ಎಲ್ಲ ಸೇರಿ ಅರ್ಜುನ್ ಅಮರ್ ರಹೇ ಅಂತ ಕೂಗಿದರೆ, ಆಯಿ ಅವನ್ಯಾರು ಅರ್ಜುನ ಅಂತ ಪಕ್ಕದವಳನ್ನು ಕೇಳಿದಳಂತೆ. ಪರಪ್ಪನ ಹುಡುಗರು ಕಟ್ಟಿದ ವಿಮಾನ ಖಾಲಿ ಹೋಗಬಾರದು ಅಂತ ನಾನು ಅದರಲ್ಲಿ ಮಲ್ಲೂನ ಫೋಟೋ ಇಟ್ಟು, ಸುಭೇದಾರರು ತಂದಿದ್ದ ಅವನ ನೀಲಿ ಟೊಪ್ಪಿಗೆಯನ್ನು ಅದರ ಮೇಲಿಟ್ಟೆ. ವಿಮಾನ ಮುಂದೆ, ಬಾವುಟ ಹೊದಿಸಿದ ಪೆಟ್ಟಿಗೆ ಹಿಂದೆ, ತೋಟದ ಕಡೆ ನಡೆದೆವು.

ಆಯಿ ಕುಣಿಯವರೆಗೆ ನಡೆದೇ ಬಂದಳು. ಅಲ್ಲಿ ಪೆಟ್ಟಿಗೆಯನ್ನು ಇಳಿಸಿ, ಬಾವುಟ ತೆಗೆದು ಮಡಿಚಿ ನನ್ನ ಕೈಗೆ ಕೊಟ್ಟರು. ಆಯಿ ಹತ್ತಿರ ಕೂತಳು. ಗಾಜಿನೊಳಗೆ ಅವನ ಮುಖವಿತ್ತು, ಸ್ವಲ್ಪ ಕಪ್ಪಾಗಿತ್ತು, ಆದರೆ ಅವನದೇ. ಅವಳು ಸೆರಗಿನಿಂದ ಗಾಜನ್ನು ಒರೆಸಿದಳು. ಒರೆಸಿ ನೋಡಿದಳು, ಮತ್ತೆ ಒರೆಸಿದಳು. ಮುದುಕಿ ಈಗ ಪೆಟ್ಟಿಗೆ ಒಡೆಯಿರಿ ಅನ್ನುತ್ತಾಳೆ ಅಂತ ಹಿರಿಯರು ಕಾಯುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಬಿಗಿದು ಪೆಟ್ಟಿಗೆಯ ಇನ್ನೊಂದು ಬದಿಗೆ ನಿಂತಿದ್ದೆ. ಅವಳು ತಲೆಯೆತ್ತಿ ಸುಭೇದಾರರನ್ನು ನೋಡಿದಳು. ತನಗೆ ಬರುವ ಹರಕು ಮರಾಠಿಯಲ್ಲಿ, ಕೊನೆಗೆ ಏನು ಮಾಡುತ್ತಿದ್ದ ಅಂತ ಕೇಳಿದಳು.

ಅವರು ಮೊಣಕಾಲೂರಿ ಅವಳ ಎದುರು ಕೂತು ಹೇಳಿದರು. ಸಂತೆಯಿಂದ ಹೆಂಗಸರು ಮಕ್ಕಳು ಬರುತ್ತಿದ್ದ ಹೊತ್ತು. ಪೊದೆಯಿಂದ ಗುಂಡು ಬಂದವು. ಮಂದಿ ಸೇತುವೆ ದಾಟಿ ಜೋಪಡಿಗಳ ಕಡೆ ಓಡಬೇಕಿತ್ತು. ಮಲ್ಲು ಸೇತುವೆಯ ಬಾಯಲ್ಲಿ ನಿಂತು, ಗುಂಡಿಗೆ ಗುಂಡು ಕೊಡುತ್ತ ಒಬ್ಬೊಬ್ಬರನ್ನೇ ದಾಟಿಸಿದ. ಕೊನೆಯವಳು ದಾಟುವವರೆಗೂ ಜಾಗ ಬಿಡಲಿಲ್ಲ.

"ಶೇವಟಪರ್ಯಂತ ಉಭಾ ಹೋತಾ, ಆಯಿ," ಅಂದರು. ಕೊನೆಯವರೆಗೂ ನಿಂತೇ ಇದ್ದ. ಅವರು ತಾಯಿ ಅಂದರು, ಅವಳು ಅಜ್ಜಿ ಅಂತ ಕೇಳಿಸಿಕೊಂಡಳು.

ಆಯಿ ಗಾಜಿನ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಾಳ ಹೊತ್ತ ನಿಂತಾನ ಶೋಭಾ. ಕಾಲ ಸೋತಿರತಾವ. ಮಲಗಲಿ."

ನಾನು ಸೊಂಟಕ್ಕೆ ಬಿಗಿದಿದ್ದ ಸೆರಗು ಬಿಚ್ಚಿದೆ. ಅವಳು ಹಸನ ಕಾಕಾನ ಕೈ ಹಿಡಿದು ಎದ್ದು, ಕುಣಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದಳು. ಪೆಟ್ಟಿಗೆಯ ತಲೆ ಬರುವ ಕಡೆ ಆ ಗೂಡು ಖಾಲಿಯಾಗಿತ್ತು.

"ಅದನ್ನ ಮುಚ್ಚಬ್ಯಾಡ್ರಿ. ಅಂವ ಮಲಗಲಿ, ನಾ ಕುಂದರತೇನಿ."

ಹಾಗೆಯೇ ಮಾಡಿದೆವು. ಅವನನ್ನು ಇಳಿಸಿದ ಮೇಲೆ ಗೂಡಿನ ಬಾಯಿಗೆ ಚಪ್ಪಟೆ ಫರಸಿ ಕಲ್ಲು ನಿಲ್ಲಿಸಿದೆವು, ಆಮೇಲೆ ಮಣ್ಣೆಳೆದೆವು. ಅಯ್ಯನವರು ಮಂತ್ರ ಹೇಳಿದರು, ಸಿಪಾಯಿಗಳು ಆಕಾಶಕ್ಕೆ ಗುಂಡು ಹಾರಿಸಿದರು, ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಶೆಡ್ಡಿನ ಮೇಲೆ ಒಂದು ಸುತ್ತು ಹೊಡೆದು ಮತ್ತೆ ಬಂದು ಕೂತವು. ಆ ಸಂಜೆ ಚಿತೆಗೆಂದು ತಂದ ಕಟ್ಟಿಗೆಯಲ್ಲಿ ಊರಿಗೆಲ್ಲ ಅಡುಗೆಯಾಯಿತು. ಜಾಲಿ ಕಟ್ಟಿಗೆ, ಚೆನ್ನಾಗಿ ಉರಿಯಿತು. ಸುಭೇದಾರರು ಹೊರಡುವಾಗ ಆಯಿ ಅವರ ಜೀಪಿನಲ್ಲಿ ಒಂದು ಚೀಲ ಒಣದ್ರಾಕ್ಷಿ ಇರಿಸಿದಳು, ಇನ್ನೂ ಅಲ್ಲಿ ನಿಂತಿರುವ ಹುಡುಗರಿಗೆ ಅಂತ. ಆ ಸಲ ಮೋಡ ಬಂದು ಬಂದು ಹಾಗೇ ಹೋದವು. ಅಂಥ ಹಳದಿ ಬೇದಾಣಿ ನಮ್ಮ ಶೆಡ್ಡಿನಲ್ಲಿ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆಯಿ ಅದಾದ ಮೇಲೂ ಹಲವು ವರ್ಷ ಇದ್ದಳು. ಪ್ರತಿ ಹಂಗಾಮಿನಲ್ಲಿ ಕಡ್ಡಿ ಮುರಿಯಲು ಶೆಡ್ಡಿಗೆ ಬಂದಳು, ನನ್ನ ಕೆಲಸದಲ್ಲಿ ತಪ್ಪು ಹುಡುಕಿದಳು, ತನ್ನ ಜಾಗದ ಮೇಲೆ ಯಾರೂ ಗಾಡಿ ಹಾಯಿಸದಂತೆ ಬೇವಿನ ಸುತ್ತ ಮುಳ್ಳು ಹಚ್ಚಿಸಿದಳು. ಕಾಗವಾಡ ತಾಲೂಕಾದ ಸುದ್ದಿ ಕೇಳಿ, ಇನ್ನು ಅಥಣಿಗೆ ಓಡುವುದು ತಪ್ಪಿತು ಅಂತ ಖುಷಿಪಟ್ಟಳು. ಅದರ ಮುಂದಿನ ವರ್ಷ, ಬಳ್ಳಿ ಕತ್ತರಿಸುವ ಕೆಲಸ ಮುಗಿದ ವಾರ, ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವಳು ಹಾಗೇ ಹೋದಳು. ಪರಪ್ಪನೇ ವಿಮಾನ ಕಟ್ಟಿದ, ಈಗ ಅವನ ತಲೆಯಲ್ಲೂ ಬಿಳಿ ಕೂದಲು. ಕುಣಿ ತೋಡುವವರು ಇನ್ನೊಂದು ಬದಿಯಿಂದ ಅಗೆದು ಆ ಗೂಡನ್ನು ತೆರೆದರು. ಗೋಡೆ ಎಲ್ಲೂ ಕುಸಿದಿರಲಿಲ್ಲ, ಫರಸಿ ಕಲ್ಲು ನಿಲ್ಲಿಸಿದ ಜಾಗದಲ್ಲೇ ಇತ್ತು, ಅದರ ಆಚೆ ಮಲ್ಲು.

ಹಳೆಯ ಅಯ್ಯನವರ ಮಗ ಈಗ ಕ್ರಿಯೆ ನಡೆಸುತ್ತಾರೆ. ಎಲ್ಲ ಸಿದ್ಧವಾದ ಮೇಲೆ, ಪದ್ಧತಿಯಂತೆ ಮೂಡಣಕ್ಕೆ ಮುಖ ಮಾಡಿ ಕೂಡಿಸಿ ಅಂದರು. ಒಳಗೆ ಇಳಿದವರು ಆಯಿಯನ್ನು ಆ ಕಡೆ ತಿರುಗಿಸತೊಡಗಿದರು.

"ಅಯ್ಯನವರ, ಸ್ವಲ್ಪ ತಡೀರಿ," ಅಂದೆ. "ಮಲ್ಲೂನ ಕಡೆ ಮುಖಾ ಮಾಡಿ ಕುಂದ್ರಸ್ರಿ. ಅಂವ ಮಲಗ್ಯಾನ, ನೊಣ ಯಾರ ಓಡಸಬೇಕು?"

ಅಯ್ಯನವರು ಆಗಲಿ ಅಂತ ಕೈಸನ್ನೆ ಮಾಡಿದರು. ಒಳಗಿದ್ದವರು ಆಯಿಯನ್ನು ಕಲ್ಲಿನ ಕಡೆ ತಿರುಗಿಸಿ, ಕಾಲು ಮಡಿಚಿ ಕೂಡಿಸಿದರು. ನಾನೂ ಕುಣಿಗೆ ಇಳಿದು ಅವಳ ಸೆರಗಿನ ತುದಿಯನ್ನು ಬಲಗೈಯಲ್ಲಿ ಹಿಡಿಸಿದೆ.